ಹಳೇ ಲಂಗರು ಎದ್ದು ನಿಲ್ಲಲಿ

ತುಂಬಿದ ಸಭೆಯಲ್ಲಿ ನನ್ನ ಹೆಸರು ಕೂಗಿದರು. ಏಳಬೇಕೋ ಕೂತೇ ಇರಬೇಕೋ ನನಗೆ ತಿಳಿಯಲಿಲ್ಲ. ಮೂವತ್ತೊಂದು ವರ್ಷ ಆ ಒಂದು ಕೂಗಿಗಾಗಿ ಕಾದವನು ನಾನು, ಕೂಗಿದಾಗ ಅರ್ಧ ಎದ್ದೆ, ಮತ್ತೆ ಕೂತೆ. ಊರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತದೆ. ನಗಲಿ. ನಡೆದದ್ದೇನು ಎಂದು ನಾನೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅಂಗಡಿ ಗುಟೊ ಹೇಳುವ ಕತೆಯಲ್ಲಿ ಅರ್ಧ ಅವನೇ ಸೇರಿಸಿದ್ದು.

ನಮ್ಮ ಪೋರ್ಥ್ ಐರಿಯನ್‌ನಲ್ಲಿ ಮೇ ತಿಂಗಳ ಕೊನೆಯ ಶನಿವಾರ ಹಾಡು-ಪದ್ಯಗಳ ಸ್ಪರ್ಧೆಯ ಮೇಳ, ಐಸ್ತೆದ್‌ವೊದ್ ನಡೆಯುತ್ತದೆ. ಬೆಳಗ್ಗೆ ಮಕ್ಕಳ ಹಾಡು, ಕಂಠಪಾಠ, ಹೆಂಗಸರ ಹೆಣಿಗೆ, ಗಂಡಸರು ಕೆತ್ತಿದ ಊರುಗೋಲು. ಮಧ್ಯಾಹ್ನ ಮೂರಕ್ಕೆ ಕುರ್ಚಿ. ಆ ವರ್ಷದ ಒಳ್ಳೆಯ ಪದ್ಯ ಬರೆದವನಿಗೆ ಒಂದು ಮರದ ಕುರ್ಚಿ ಕೊಡುತ್ತಾರೆ, ಅಷ್ಟೆ. ಆದರೆ ನಮ್ಮ ಭಾಷೆಯವರ ಮನೆಯಲ್ಲಿ ಹಾಗೆ ಗೆದ್ದ ಒಂದು ಕುರ್ಚಿ ಇದ್ದರೆ ಅದರ ಮೇಲೆ ಯಾರೂ ಕೂರುವುದಿಲ್ಲ, ಧೂಳು ಮಾತ್ರ ಒರೆಸುತ್ತಾರೆ. ಶಾಲೆಯ ಮೇಷ್ಟ್ರು ಮೈರಿಗ್ ಮನೆಯಲ್ಲಿ ಅಂಥವು ಆರಿವೆ. ಅವನ ಮನೆಗೆ ಹೋದರೆ ನಿಂತುಕೊಂಡೇ ಚಹಾ ಕುಡಿಯಬೇಕು.

ಪದ್ಯದ ಮೇಲೆ ನಿಜವಾದ ಹೆಸರು ಬರೆಯುವಂತಿಲ್ಲ. ಒಂದು ಗುಟ್ಟಿನ ಹೆಸರು ಇಟ್ಟುಕೊಳ್ಳಬೇಕು. ನಿಜವಾದ ಹೆಸರನ್ನು ಬೇರೆ ಸಣ್ಣ ಲಕೋಟೆಯಲ್ಲಿಟ್ಟು ಅಂಟಿಸಿ ಜೊತೆಗೆ ಕಳಿಸಬೇಕು. ಕುರ್ಚಿಯ ಹೊತ್ತಿಗೆ ಸಭಾಂಗಣದ ಬಾಗಿಲು ಹಾಕುತ್ತಾರೆ, ಮುಗಿಯುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ. ತೀರ್ಪುಗಾರರು ಬಂದ ಪದ್ಯಗಳನ್ನೆಲ್ಲ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಎತ್ತಿ, ಸಾಲು ಓದಿ, ಹೊಗಳುತ್ತಾರೆ ಇಲ್ಲವೇ ಒಗೆದು ಹಿಂಡುತ್ತಾರೆ. ಎಷ್ಟೇ ಕಳಪೆ ಪದ್ಯವಾದರೂ ಎರಡು ಸಾಲು ಓದದೆ ಬಿಡುವುದಿಲ್ಲ. ಕೊನೆಗೆ ಗೆದ್ದವನ ಗುಟ್ಟಿನ ಹೆಸರು ಹೇಳಿ, ಕಹಳೆ ಊದಿಸಿ, 'ಎದ್ದು ನಿಲ್ಲಲಿ' ಎನ್ನುತ್ತಾರೆ. ಆಗ ಒಬ್ಬ ಏಳುತ್ತಾನೆ. ಆ ಒಬ್ಬ ಮೂವತ್ತು ಸಲ ನಾನಾಗಿರಲಿಲ್ಲ.

ಆ ವರ್ಷ ಕೊಟ್ಟ ವಿಷಯ 'ಹಡಗುಕಟ್ಟೆ'. ಸುದ್ದಿ ಕೇಳಿದ ದಿನ ನಾನು ಕುಣಿಯುವುದೊಂದು ಬಾಕಿ. ಕಟ್ಟೆಯ ಬಗ್ಗೆ ನನಗಿಂತ ಹೆಚ್ಚು ಗೊತ್ತಿದ್ದವನು ಊರಲ್ಲಿ ಯಾರಿದ್ದಾರೆ? ಹನ್ನೆರಡನೆಯ ವಯಸ್ಸಿಗೆ ಹಡಗಿನಲ್ಲಿ ಅಡಿಗೆಯವನ ಕೈಕೆಳಗೆ ಸೇರಿದೆ, ಇಪ್ಪತ್ತೆಂಟಕ್ಕೆ ಚುಕ್ಕಾಣಿ ಹಿಡಿದೆ. ಗುಡ್ಡದ ಗಣಿಯಿಂದ ಪುಟ್ಟ ರೈಲಿನಲ್ಲಿ ಚಾವಣಿಗೆ ಹೊದಿಸುವ ಕಲ್ಲುಹಲಗೆ ಇಳಿದು ಬರುತ್ತಿತ್ತು, ಅದನ್ನು ಹೊತ್ತು ನಮ್ಮ ಹಡಗುಗಳು ಹ್ಯಾಂಬರ್ಗಿಗೆ ಹೋಗುತ್ತಿದ್ದವು. ಅಲ್ಲಿಯವರ ಮನೆಮಾಡೆಲ್ಲ ನಮ್ಮ ಗುಡ್ಡವೇ. ಹಿಂದಿರುಗುವಾಗ ಹೊಟ್ಟೆ ಖಾಲಿ ಇದ್ದರೆ ಹಡಗು ಮಗುಚುತ್ತದೆ, ಅದಕ್ಕೆ ಆಯಾ ಊರಿನ ಕಲ್ಲುಮಣ್ಣು ತುಂಬಿಕೊಂಡು ಬಂದು ನೀರಿನಾಚೆ ಸುರಿಯುತ್ತಿದ್ದರು. ಸುರಿದು ಸುರಿದು ಅದೀಗ ಒಂದು ದ್ವೀಪ, ಜಿನೋವಾದ ಮಣ್ಣಿನಲ್ಲಿ ಹೆಸರು ಗೊತ್ತಿಲ್ಲದ ಹಳದಿ ಹೂ ಬಿಡುತ್ತದೆ. ಈಗ ಕಟ್ಟೆಗೆ ಹೂಳು ತುಂಬಿದೆ. ಕ್ಯಾಪ್ಟನ್ನರ ಮನೆಗಳ ಸಾಲಿನಲ್ಲಿ ಅರ್ಧ ಬಾಗಿಲುಗಳು ತೆರೆಯುವುದು ಆಗಸ್ಟಿನಲ್ಲಿ ಮಾತ್ರ, ಬರ್ಮಿಂಗ್‌ಹ್ಯಾಮ್‌ನವರು ಬಣ್ಣದ ಹಾಯಿಯ ಆಟಿಕೆ ದೋಣಿಗಳನ್ನು ಕಾರಿನ ಮೇಲೆ ಕಟ್ಟಿಕೊಂಡು ಬಂದಾಗ. ಇದನ್ನೆಲ್ಲ ಪದ್ಯದಲ್ಲಿ ಹಾಕಬೇಕು ಎಂದುಕೊಂಡೆ. ಗುಟ್ಟಿನ ಹೆಸರೂ ಸಿಕ್ಕಿತು: 'ಹಳೇ ಲಂಗರು'.

ಆದರೆ ಫೆಬ್ರವರಿಯಲ್ಲಿ ಅದೇ ಕಟ್ಟೆಯ ಮೇಲೆ ಪಾಚಿಗೆ ಕಾಲು ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಬರೆಯುವುದು ಹೇಗೆ? ನಾನು ಹೇಳುವುದು, ಹೆಂಡತಿ ಗೈನರ್ ಬರೆದುಕೊಳ್ಳುವುದು ಎಂದಾಯಿತು. ಅಡಿಗೆಮನೆಯ ಮೇಜಿನಲ್ಲಿ ಒಂದು ಕಡೆ ಅವಳು ಹೆರಿಂಗ್ ಮೀನಿನ ಮುಳ್ಳು ತೆಗೆಯುತ್ತಿದ್ದಳು, ಇನ್ನೊಂದು ಕಡೆ ಕಾಗದ. ನನ್ನ ಪದ್ಯದ ಮೊದಲ ಪುಟಕ್ಕೆ ಇಂದಿಗೂ ಮೀನಿನ ವಾಸನೆ ಇದೆ.

"ಮೂವತ್ತಾರು ಹಡಗಿನ ಹೆಸರು ಆಯ್ತು. ಇನ್ನೂ ಇದ್ಯಾ?" ಎಂದಳು ಒಂದು ದಿನ.

"ಇನ್ನೂ ಹತ್ತಿದೆ. ಬರಿ."

"ಇದು ಪದ್ಯನೋ, ಬಂದರು ಕಚೇರಿ ಪಟ್ಟಿನೋ?"

"ನಿಂಗೇನ್ ಗೊತ್ತು? ಪ್ರಾಸ ನೋಡು, ಒಂದೊಂದು ಸಾಲಲ್ಲೂ ಎರಡೆರಡು ಕಡೆ ಬಡೀತದೆ."

"ಬಡೀತದೆ, ಬಡೀತದೆ. ನನ್ ತಲೆನೂ ಬಡೀತಿದೆ." ಅವಳು ಕೈ ಒರೆಸಿಕೊಂಡು ಬರೆದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ಇಥೆಲ್, ಇದರಲ್ಲಿ ಒಬ್ಬ ಹೆಂಗಸೂ ಇಲ್ವಲ್ಲ," ಎಂದಳು.

"ಕಟ್ಟೆ ಬಗ್ಗೆ ಕಣೇ ಬರೀತಿರೋದು."

"ಕಟ್ಟೆ ಮೇಲೆ ನಾವೂ ನಿಂತಿದ್ವಿ. ಕಿಟಕೀಲೂ ನಿಂತಿದ್ವಿ. ಆವತ್ತು ಅರಿಯಾನ್ವೆನ್ ಬಂದಾಗ ನಾನು…"

ನಾನು ಟೋಪಿ ಹಾಕಿಕೊಂಡು ಹೊರಗೆ ಹೋದೆ. ಆ ಹಡಗಿನ ಮಾತು ಬಂದರೆ ನಾನು ಮಾಡುವುದು ಅದನ್ನೇ. ನಲವತ್ತು ವರ್ಷಗಳಿಂದ ಅವಳು ಆ ವಾಕ್ಯವನ್ನು ಶುರುಮಾಡುತ್ತಾಳೆ, ನಲವತ್ತು ವರ್ಷಗಳಿಂದ ನಾನು ಟೋಪಿ ಹುಡುಕುತ್ತೇನೆ.

ಏಪ್ರಿಲ್‌ನಲ್ಲಿ ಪದ್ಯ ಮುಗಿಯಿತು. ಅವಳು ಇಡೀ ಪದ್ಯವನ್ನು ನನಗೆ ಓದಿ ಹೇಳಿದಳು, ನಲವತ್ತಾರು ಹಡಗೂ ಸರಿಯಾಗಿದ್ದವು. ಎಡಗೈಯಲ್ಲಿ ನನ್ನ ಹೆಸರನ್ನು ವಕ್ರವಕ್ರವಾಗಿ ಬರೆದು ಸಣ್ಣ ಲಕೋಟೆಗೆ ಹಾಕಿ ನಾನೇ ಅಂಟಿಸಿದೆ. ದೊಡ್ಡ ಲಕೋಟೆಗೆ ಹಾಕಿ ಅಂಟಿಸುವುದನ್ನು ಅವಳೇ ಮಾಡಿ, ಗುಟೊನ ಅಂಗಡಿಗೆ ಕೊಟ್ಟು ಬಂದಳು. ಅಂಚೆಯೂ ಅವನ ಅಂಗಡಿಯಲ್ಲೇ.

ಮೇಳದ ದಿನ ಸಭಾಂಗಣ ಕಿಕ್ಕಿರಿದಿತ್ತು. ನನ್ನ ಪಕ್ಕದಲ್ಲಿ ಅಂಗಡಿ ಗುಟೊ, ಎದುರಿನ ಸಾಲಿನಲ್ಲಿ ಮೈರಿಗ್ ಮೇಷ್ಟ್ರ ಎಣ್ಣೆ ಹಚ್ಚಿದ ತಲೆ. ವೇದಿಕೆಯ ಮೇಲೆ ಕುರ್ಚಿ. ಬಡಗಿ ಎಲಿದಿರ್ ಆ ಸಲ ಒಡೆದ ಹಳೆಯ ಹಡಗೊಂದರ ಓಕ್ ಹಲಗೆಯಿಂದ ಅದನ್ನು ಮಾಡಿದ್ದ. ತೋಳಿನ ತುದಿಯಲ್ಲಿ ಹಗ್ಗದ ಗಂಟು ಕೆತ್ತಿದ್ದ, ಮೊಳೆಯ ತೂತುಗಳನ್ನು ಹಾಗೇ ಬಿಟ್ಟಿದ್ದ. ನನಗೆ ಆ ಕುರ್ಚಿ ಬೇಕಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಎಪ್ಪತ್ತು ವರ್ಷದ ಮುದುಕ ಮಿಠಾಯಿ ಅಂಗಡಿಯ ಮುಂದೆ ನಿಂತ ಮಗುವಿನ ಹಾಗೆ ನೋಡುತ್ತಿದ್ದೆ. ಗೈನರ್ ಸಭೆಯಲ್ಲಿರಲಿಲ್ಲ. ಪ್ರತಿವರ್ಷದಂತೆ ಹಿಂದಿನ ಚಹಾಕೋಣೆಯಲ್ಲಿ ಬೆಳಗ್ಗೆಯಿಂದ ನಿಂತು ಕೆಟಲಿನ ಜೊತೆ ಒದ್ದಾಡುತ್ತಿದ್ದಳು.

"ಈ ಸಲ ಎಷ್ಟನೇದಾಗಿ ಬೈಸ್ಕೋತೀಯ?" ಎಂದ ಗುಟೊ.

"ಸುಮ್ನಿರೋ."

"ಹೋದ್ವರ್ಷ ಕೆಳಗಿಂದ ಎರಡನೇದು. ಮುಂದಕ್ಕೆ ಹೋಗ್ತಿದ್ದೀಯ ಬಿಡು."

ತೀರ್ಪುಗಾರರು ಸೆಲಿನ್ ಪ್ರೈಸ್ ಎಂಬ ಪಾದ್ರಿ, ಬೆಟ್ಟದಾಚೆಯವರು, ತೆಳ್ಳಗೆ ಉದ್ದಕ್ಕೆ ಇದ್ದರು. ಕೆಳಗಿನಿಂದ ಶುರುಮಾಡಿದರು. ಮೊದಲನೆಯದು ನನ್ನದಲ್ಲ. ಎರಡನೆಯದೂ ಅಲ್ಲ. ಮೂರು, ನಾಲ್ಕು. ಐದನೆಯದರ ಕೆಲವು ಸಾಲು ಕೇಳಿ ಮೈರಿಗ್‌ನ ಕಿವಿ ಕೆಂಪಾಯಿತು. ಎರಡನೆಯ ಸ್ಥಾನ ಅವನದು! ಉಳಿದದ್ದು ಒಂದೇ ಪದ್ಯ. ನನ್ನ ಪದ್ಯ ಇನ್ನೂ ಬಂದಿರಲಿಲ್ಲ. ಕಳೆದುಹೋಯಿತೇ? ಗುಟೊ ಅಂಚೆಗೆ ಹಾಕುವುದನ್ನು ಮರೆತನೇ? ಇಲ್ಲವೇ…

"ಉಳಿದದ್ದು 'ಹಳೇ ಲಂಗರು'," ಎಂದರು ಪಾದ್ರಿ.

ನಾನು ಗುಟೊನ ಮೊಣಕಾಲನ್ನು ಹಿಡಿದುಕೊಂಡೆ. ಅವನು ನನ್ನ ಮುಖ ನೋಡಿ ಬಾಯಿ ತೆರೆದ. ಪಾದ್ರಿ ಕನ್ನಡಕ ಸರಿಮಾಡಿಕೊಂಡು ಓದಿದರು:

"ಕಟ್ಟೆ ಕಟ್ಟಿದವರ ಹೆಸರು ಕಲ್ಲಿನಲ್ಲಿದೆ;
ಕಾದವರ ಕಾಲಗುರುತು ಕೆಸರಿನಲ್ಲಿತ್ತು,
ಉಬ್ಬರ ಬಂದು ಒರೆಸಿಕೊಂಡು ಹೋಯಿತು."

ಇದು ನನ್ನದಲ್ಲ.

ಇನ್ನೊಮ್ಮೆ ನೆನಪು ಮಾಡಿಕೊಂಡೆ. ನನ್ನ ಪದ್ಯ ಶುರುವಾಗುವುದೇ 'ಎಲೈ ಕಟ್ಟೆಯೇ' ಎಂದು. ಕೆಸರು ಎಲ್ಲಿಂದ ಬಂತು? ಬೇರೆ ಯಾರೋ ಇದೇ ಗುಟ್ಟಿನ ಹೆಸರು ಇಟ್ಟುಕೊಂಡಿದ್ದಾರೆಯೇ? ಹಾಗಿದ್ದರೆ ನನ್ನ ಲಂಗರು ಎಲ್ಲಿ? ಪಾದ್ರಿ ಕಾಗದಗಳನ್ನು ಕಲಸಿಬಿಟ್ಟರೇ? ಕೊನೆಗೆ ಒಂದು ಕೆಟ್ಟ ಯೋಚನೆ ಬಂತು. ನನ್ನ ಅಪ್ಪ ಎಪ್ಪತ್ತು ದಾಟಿದ ಮೇಲೆ ತಾನು ಕೇಪ್ ಹಾರ್ನ್ ಸುತ್ತಿಬಂದದ್ದನ್ನೇ ಮರೆತಿದ್ದರು, ಬೇರೆಯವರು ಹೇಳಿದರೆ 'ಹೌದಾ? ಚಳಿ ಇತ್ತಾ ಅಲ್ಲಿ?' ಎಂದು ಕೇಳುತ್ತಿದ್ದರು. ನಾನೇ ಇದನ್ನು ಹೇಳಿ ಬರೆಸಿ ಮರೆತೆನೇ? ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಈ ಕವಿ ಕಟ್ಟೆಯನ್ನು ನೀರಿನ ಕಡೆಯಿಂದ ನೋಡಿಲ್ಲ," ಎನ್ನುತ್ತಿದ್ದರು ಪಾದ್ರಿ. "ಕಿಟಕಿಯಿಂದ ನೋಡಿದ್ದಾನೆ. ನಡುವಿನ ಭಾಗ ಓದುವಾಗ ನಾನು ದೀಪ ಹತ್ತಿರಕ್ಕೆಳೆದು ಮತ್ತೊಮ್ಮೆ ಓದಿದೆ. ಕೇಳಿ:

ಹೂತದ್ದು ಒಂದು, ಹಡಗಿನಲ್ಲಿ ಏಳು.
ಬಿಳಿಯದನ್ನೇ ಬಿಚ್ಚಿ ಬಿಸಿಲಿಗೆ ಹಿಡಿದೆ,
ಬಟ್ಟೆಯ ಬೆನ್ನಿಗೆ ಬಾಯಿ ಕಚ್ಚಿ ನಿಂತೆ.
ಗಾಳಿಗೆ ಅಲುಗಿತೆಂದು ನೀನು ಟೋಪಿ ಬೀಸಿದೆ.
ಅಂದು ಗಾಳಿಯೇ ಇರಲಿಲ್ಲ."

ಸಭೆಯಲ್ಲಿ ಯಾರೋ ಕೆಮ್ಮಿದರು. ಅರವತ್ತು ದಾಟಿದವರೆಲ್ಲ ತಲೆ ಬಗ್ಗಿಸಿದರು. ನಾನು ಬಗ್ಗಿಸಲಿಲ್ಲ, ನನ್ನ ಕತ್ತು ಮರವಾಗಿತ್ತು.

ನಮ್ಮ ಕಟ್ಟೆಗೆ ಒಂದು ಪದ್ಧತಿ ಇತ್ತು. ತಿಂಗಳುಗಟ್ಟಲೆ ಹೋದ ಹಡಗು ಮರಳುದಿಬ್ಬದ ಬಳಿ ಕಾಣಿಸಿದರೆ, ಒಳಗಿರುವವರ ಹೆಂಡಿರು ಮಹಡಿಯ ಕಿಟಕಿಯಲ್ಲಿ ಬಟ್ಟೆ ತೂಗಬೇಕು. ಬಿಳಿ ಹೊದಿಕೆ ಎಂದರೆ ಮನೆಯಲ್ಲಿ ಎಲ್ಲರೂ ಇದ್ದಾರೆ. ಕಪ್ಪು ಶಾಲು ಎಂದರೆ ಯಾರೋ ಇಲ್ಲ, ಎದೆ ಗಟ್ಟಿಮಾಡಿಕೊಂಡು ಬಾ. ಏನೇ ಇರಲಿ, ಬಟ್ಟೆಯಲ್ಲಿ ಸುಳ್ಳು ಹೇಳಬಾರದು. ಅದು ಕಟ್ಟೆಯ ಕಾನೂನು.

ಸಾವಿರದ ಒಂಬೈನೂರ ಇಪ್ಪತ್ತೊಂದರಲ್ಲಿ ಅರಿಯಾನ್ವೆನ್ ಹಿಂದಿರುಗಿದಾಗ ಹಡಗಿನಲ್ಲಿ ನಾವು ಏಳು ಜನ, ಚುಕ್ಕಾಣಿ ನನ್ನ ಕೈಯಲ್ಲಿತ್ತು. ಒಂಬತ್ತು ತಿಂಗಳು ಮನೆ ನೋಡಿರಲಿಲ್ಲ. ದಿಬ್ಬ ದಾಟುವ ಕಾಲುವೆ ನಮ್ಮ ಗುಡ್ಡದ ಬುಡದಲ್ಲೇ ತಿರುಗುತ್ತದೆ, ತಿರುವಿನಲ್ಲಿ ಒಂದು ಗೇಣು ತಪ್ಪಿದರೆ ಮರಳು. ಮೇಲೆ ನೋಡಿದೆ. ನಮ್ಮ ಕಿಟಕಿಯಲ್ಲಿ ಬಿಳಿ. ಅದು ಅಲುಗುತ್ತಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಒಂದು ಕೈ ಬಿಟ್ಟು ಟೋಪಿ ತೆಗೆದು ಬೀಸಿದೆ. ಹಡಗು ಕಟ್ಟೆಗೆ ತಾಗಿತು. ಮೂರು ವರ್ಷದ ಮಗಳು ನೆಸ್ಟ್‌ಗೆಂದು ಜಿನೋವಾದಲ್ಲಿ ತೆಗೆದುಕೊಂಡ ಗೊಂಬೆಯನ್ನು ಎತ್ತಿ ಹಿಡಿದು, ನಗುತ್ತಾ, ಗುಡ್ಡ ಹತ್ತಿದೆ. ದಾರಿಯ ಎರಡೂ ಬದಿ ಜನ ನಿಂತಿದ್ದರು, ಒಬ್ಬರೂ ಮಾತಾಡಲಿಲ್ಲ. ನಾನು ಅವರಿಗೆಲ್ಲ ಗೊಂಬೆ ತೋರಿಸಿದೆ. ನೆಸ್ಟ್ ಗಂಟಲುರೋಗದಿಂದ ಹೋಗಿ ಹತ್ತು ದಿನವಾಗಿತ್ತು.

ಮಗಳು ಹೋದದ್ದಕ್ಕೆ ನಾನು ಗೈನರಳನ್ನು ಎಂದೂ ದೂರಲಿಲ್ಲ. ಆದರೆ ಊರಿನ ಮುಂದೆ ನನ್ನನ್ನು ಗೊಂಬೆ ಹಿಡಿದ ಕೋಡಂಗಿ ಮಾಡಿದ ಆ ಬಿಳಿ ಬಟ್ಟೆಯನ್ನು ಕ್ಷಮಿಸಲಿಲ್ಲ. ಅದಕ್ಕೆ ಎಂಟು ವರ್ಷ ಮೊದಲು ಬೇರೊಂದು ಹಡಗಿನಲ್ಲಿ, ಕಪ್ಪು ಶಾಲು ಕಂಡ ಚುಕ್ಕಾಣಿಯವನ ಕೈ ತಪ್ಪಿ ಐದು ಜನ ಅದೇ ತಿರುವಿನಲ್ಲಿ ಮುಳುಗಿದ್ದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಟೋಪಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದೆ. ಆಮೇಲೆ ಇಬ್ಬರು ಗಂಡುಮಕ್ಕಳಾದರು, ಬೆಳೆದರು, ಮದುವೆಯಾದರು. ಆ ಮಾತು ಮಾತ್ರ ಅಲ್ಲೇ ನಿಂತಿತ್ತು.

ಟೋಪಿ ಬೀಸಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ನೋಡಿದ್ದರೆ ಆ ಬಟ್ಟೆಯ ಹಿಂದೆ ನಿಂತವಳು ಒಬ್ಬಳೇ. ಆ ದಿನ ಗಾಳಿ ಇತ್ತೇ? ಇತ್ತು ಎಂದುಕೊಂಡಿದ್ದೆ. ಬಟ್ಟೆ ಅಲುಗುತ್ತಿತ್ತಲ್ಲ. ಆದರೆ ಹಾಯಿ ಜೋಲುಬಿದ್ದಿದ್ದು, ಉಬ್ಬರದ ನೀರೇ ನಮ್ಮನ್ನು ಒಳಗೆ ನೂಕಿದ್ದು ಈಗ ನೆನಪಾಯಿತು. ಚುಕ್ಕಾಣಿ ಹಿಡಿದವನಿಗೆ ಗಾಳಿ ಇತ್ತೋ ಇಲ್ಲವೋ ಎನ್ನುವುದು ಮರೆತುಹೋಗಿತ್ತು.

"ಹಳೇ ಲಂಗರು, ಹಳೇ ಲಂಗರು ಮಾತ್ರ, ಎದ್ದು ನಿಲ್ಲಲಿ," ಎಂದರು ಪಾದ್ರಿ. ಕಹಳೆ ಊದಿತು. ನಾನು ಅರ್ಧ ಎದ್ದೆ, ಮೂವತ್ತೊಂದು ವರ್ಷದ ಅಭ್ಯಾಸ ಕಾಲಿಗೆ ಇತ್ತಲ್ಲ. ತಕ್ಷಣ ಕೂತೆ.

"ಏಳೋ!" ಗುಟೊ ನನ್ನ ಪಕ್ಕೆಗೆ ತಿವಿದ. ಅವನ ಕಣ್ಣಲ್ಲಿ ನೀರಿತ್ತು. "ಏಳೋ ಪುಣ್ಯಾತ್ಮ. ಆ ಬಟ್ಟೆ ವಿಷಯ ನೀನೇ ಬರೆದ್ಯಲ್ಲೋ, ಅವಳ ಬಾಯಲ್ಲಿ ಹೇಳಿಸ್ದಂಗೆ. ಕೊನೆಗೂ ಅವಳನ್ನ ಕ್ಷಮಿಸ್ದೆ. ನಾನು ಅಂದ್ಕೊಂಡಿರ್ಲಿಲ್ಲ ಕಣೋ, ನಿನ್ನ ಆ ಮೊಂಡುಹಟ ನೋಡಿ."

ನನ್ನ ತಲೆ ಇನ್ನಷ್ಟು ಕೆಟ್ಟಿತು. ನೋಡಿ, ಊರು ಹಾಗೆ ತಿಳಿದುಕೊಂಡಿತ್ತು. ಲಕೋಟೆಯಲ್ಲಿ ಇದ್ದದ್ದು ನನ್ನ ಹೆಸರು. ಎದ್ದರೆ ಕುರ್ಚಿ ನನ್ನದು, ಮೈರಿಗ್‌ನ ಕಿವಿ ಇನ್ನಷ್ಟು ಕೆಂಪಾಗುತ್ತದೆ. ಮೇಲಾಗಿ ನಾನು ಎಂದೂ ಮಾಡದ ಕ್ಷಮೆಗೆ ಊರೆಲ್ಲ ನನ್ನ ಬೆನ್ನು ತಟ್ಟುತ್ತದೆ. ಎಳ್ಳಷ್ಟೂ ಕಷ್ಟವಿಲ್ಲ, ನಿಂತರೆ ಸಾಕು. ನಿಲ್ಲಬೇಕೆಂದು ಎಷ್ಟು ಆಸೆಯಾಯಿತೆಂದು ಹೇಳಲಾರೆ. ಅದರ ಜೊತೆಯಲ್ಲೇ ಸಿಟ್ಟೂ ಉಕ್ಕಿತು. ಆಗ ಒಂದು ಸಲ ಊರಿನ ಮುಂದೆ ಬಟ್ಟೆ ತೂಗಿದಳು, ಈಗ ಎರಡನೇ ಸಲ! ಏನು ಬೇಕಾಗಿದೆ ಅವಳಿಗೆ?

ಹಿಂದಿರುಗಿ ನೋಡಿದೆ. ಚಹಾಕೋಣೆಯ ಬಾಗಿಲಲ್ಲಿ ಗೈನರ್ ಏಪ್ರನ್ ಕಟ್ಟಿಕೊಂಡು, ಎರಡೂ ಕೈಯಲ್ಲಿ ದೊಡ್ಡ ಟೀಪಾಟು ಹಿಡಿದು ನಿಂತಿದ್ದಳು. ಅವಳ ಮುಖ ಸುಣ್ಣದ ಹಾಗಾಗಿತ್ತು. ನನ್ನನ್ನು ನೋಡಿ ಗಲ್ಲ ಎತ್ತಿ ಸನ್ನೆ ಮಾಡಿದಳು: ಏಳು, ನೀನು ಏಳು.

ಎರಡನೆಯ ಸಲ ಕಹಳೆ ಊದಿತು. ಜನ ಗುಸುಗುಸು ಎನ್ನತೊಡಗಿದರು. "ಇಥೆಲ್‌ಗೆ ಕಾಲು ಹಿಡ್ಕೊಂಡಿರಬೇಕು," ಎಂದಳು ಯಾರೋ ಒಬ್ಬ ಹೆಂಗಸು. "ಎತ್ರೋ ಅವನನ್ನ."

"ಎತ್ತೋದು ಬೇಡ," ಎಂದೆ.

ಮೂರನೆಯ ಕಹಳೆಗೆ ಎದ್ದೆ. ಸಭೆ ಚಪ್ಪಾಳೆ ಹೊಡೆಯಿತು. ನಾನು ವೇದಿಕೆಯ ಕಡೆ ತಿರುಗಲಿಲ್ಲ. ಸಾಲಿನಿಂದ ಹೊರಬಿದ್ದು, ಹಿಂದಕ್ಕೆ, ಚಹಾಕೋಣೆಯ ಬಾಗಿಲಿಗೆ ನಡೆದೆ. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿದ್ದು ನಿಂತಿತು.

"ಎಲ್ಲಿಗೆ ಬರ್ತಿದ್ದೀಯ?" ಗೈನರ್ ಪಿಸುಗುಟ್ಟಿದಳು. "ಕುರ್ಚಿ ಆ ಕಡೆ ಇದೆ."

"ನನ್ ಪದ್ಯ ಏನ್ ಮಾಡ್ದೆ?"

"ಮೇಜುಬಟ್ಟೆ ಡ್ರಾಯರಲ್ಲಿದೆ. ಜೋಪಾನವಾಗಿದೆ."

"ಯಾಕೆ?"

ಅವಳು ಟೀಪಾಟಿನ ಕಡೆ ನೋಡಿದಳು. "ಗೆಲ್ಲುತ್ತೆ ಅಂದ್ಕೊಂಡಿರ್ಲಿಲ್ಲ ಇಥೆಲ್. ದೇವರಾಣೆ. ಎಷ್ಟು ಕೆಟ್ಟದಾದ್ರೂ ಎರಡು ಸಾಲು ಓದ್ತಾರಲ್ಲ, ಅಷ್ಟು ಸಾಕಿತ್ತು. ಮನೇಲಿ ಬಾಯಿ ತೆಗೆದ್ರೆ ನೀನು ಟೋಪಿ ಹಾಕ್ಕೊಂಡು ಹೋಗ್ತೀಯ. ಇಲ್ಲಿ ಬಾಗಿಲು ಹಾಕಿರ್ತಾರೆ. ಕೂತು ಕೇಳ್ಲೇಬೇಕಾಗುತ್ತೆ ಅಂದ್ಕೊಂಡೆ." ಅವಳು ಗಲ್ಲದಿಂದಲೇ ವೇದಿಕೆ ತೋರಿಸಿದಳು. "ಕೇಳಿದ್ಯಲ್ಲ. ಸಾಕು. ಹೋಗು, ಕುರ್ಚಿ ತಗೋ. ಇಷ್ಟು ವರ್ಷ ಆಸೆಪಟ್ಟಿದ್ದೀಯ."

"ಆವತ್ತು ಗಾಳಿ ಇರ್ಲಿಲ್ವಾ?"

"ಇರ್ಲಿಲ್ಲ."

"ಮತ್ತೆ ಬಟ್ಟೆ?"

"ಕೊಕ್ಕೆಗೆ ನಿಲ್ಲಲಿಲ್ಲ. ಕೈಯಲ್ಲೇ ಹಿಡ್ಕೊಂಡಿದ್ದೆ. ನೀನು ತಿರುವು ದಾಟೋವರೆಗೂ." ಅವಳ ಕೈಯಲ್ಲಿ ಟೀಪಾಟಿನ ಮುಚ್ಚಳ ಕಟಕಟ ಎನ್ನುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಆ ಬಟ್ಟೆ ಅಲುಗಿದ್ದೂ ಹೀಗೇ ಎಂದು ಆಗ ಹೊಳೆಯಿತು. ನಾನು ಆ ಕೈಗಳಿಗೆ ಟೋಪಿ ಬೀಸಿದ್ದೆ.

ಟೀಪಾಟನ್ನು ಅವಳ ಕೈಯಿಂದ ತೆಗೆದುಕೊಂಡೆ. ಮುರಿದು ಕೂಡಿದ ಮಣಿಕಟ್ಟಿಗೆ ಅದು ಭಾರವಾಗಿತ್ತು. ತಿರುಗಿ ಸಭೆಗೆ ಕೇಳುವ ಹಾಗೆ, "ಹಳೇ ಲಂಗರು ನಾನಲ್ಲ. ಇವಳು," ಎಂದೆ.

ಆಮೇಲೆ ಆದ ಗಲಿಬಿಲಿ ನಮ್ಮೂರು ಹಡಗು ಒಡೆದ ದಿನವೂ ಕಂಡಿರಲಿಕ್ಕಿಲ್ಲ. ಕಾರ್ಯದರ್ಶಿ ತೆಗ್ವೆನ್ ಸಣ್ಣ ಲಕೋಟೆ ಹರಿದು ನೋಡಿ, "ಇದರಲ್ಲಿ ಇಥೆಲ್ ಅಂತಿದೆ!" ಎಂದು ಕೂಗಿದಳು.

"ಹೆಸರು ನಂದು, ಪದ್ಯ ಅವಳದು," ಎಂದೆ.

"ಅದು ಹೇಗ್ರೀ ಆಗುತ್ತೆ?" ಎಂದರು ಪಾದ್ರಿ.

"ಹೇಗಾಯ್ತು ಅಂತ ನಂಗೂ ಈಗ್ಲೇ ಗೊತ್ತಾಗಿದ್ದು."

ಮೈರಿಗ್ ಮೇಷ್ಟ್ರು ಎದ್ದು, ಹೆಸರೊಂದು ಪದ್ಯವೊಂದು ಆದರೆ ಆ ಪದ್ಯವನ್ನು ಪಕ್ಕಕ್ಕಿಟ್ಟು ಎರಡನೆಯದಕ್ಕೆ ಕೊಡುವುದು ನ್ಯಾಯ ಎಂದ. "ಕೂತ್ಕೊಳೋ, ನಿನ್ ಮನೇಲಿ ಜಾಗ ಎಲ್ಲಿದೆ?" ಎಂದು ಗುಟೊ ಅವನ ಕೋಟು ಹಿಡಿದೆಳೆದ. ತೆಗ್ವೆನ್ ಕನ್ನಡಕ ಹುಡುಕಿ ನಿಯಮದ ಪುಸ್ತಕ ತೆಗೆದಳು. "ಇಲ್ಲಿ ಇರೋದು ಇಷ್ಟೇ," ಎಂದಳು. "ಕರೆದಾಗ ಯಾರು ನಿಂತಿರ್ತಾರೋ ಅವರೇ ಕವಿ."

"ಹಾಗಾದ್ರೆ ಇಥೆಲ್ ನಿಂತ," ಎಂದರು ಯಾರೋ.

"ಅವನು ಮೂರನೇ ಕಹಳೆಗೆ ನಿಂತಿದ್ದು," ಎಂದಳು ಗೈನರ್. ಅವಳಿಗೆ ಬಣ್ಣ ಮರಳಿತ್ತು, ಜೊತೆಗೆ ನಾಲಿಗೆಯೂ. "ನಾನು ಬೆಳಗ್ಗೆ ಏಳರಿಂದ ನಿಂತೇ ಇದ್ದೀನಿ. ನಿಮಗೆಲ್ಲ ಚಹಾ ಕೊಟ್ಟೋರು ಯಾರು?"

ಸಭೆ ಗೊಳ್ಳೆಂದಿತು. ಪಾದ್ರಿ ನಕ್ಕು, "ಬನ್ನಿ ತಾಯಿ," ಎಂದು ಕೈ ಚಾಚಿದರು. ಅವಳು ಏಪ್ರನ್ ಬಿಚ್ಚಲು ಹೋಗಿ ಗಂಟು ಸಿಗದೆ ಹಾಗೇ ಹೋದಳು. ನಾನು ಟೀಪಾಟು ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲಿದಿರ್ ಕೆತ್ತಿದ ಆ ಹಗ್ಗದ ಗಂಟಿನ ಮೇಲೆ ನನ್ನ ಕೈ ಹೇಗೆ ಕೂರುತ್ತದೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೆ.

ಕುರ್ಚಿಯ ಮುಂದೆ ಅವಳನ್ನು ನಿಲ್ಲಿಸಿದರು. ಹಳೆಯ ಕ್ಯಾಪ್ಟನ್ ಒಬ್ಬರ ಕತ್ತಿಯನ್ನು ಅವಳ ತಲೆಯ ಮೇಲೆ ಹಿಡಿದು ಅರ್ಧ ಹಿರಿದರು. ಗೆದ್ದವನು ಕೂರುವ ಮೊದಲು ಮೂರು ಸಲ ಕೇಳುತ್ತಾರೆ, ಸಭೆ ಮೂರು ಸಲ ಉತ್ತರ ಕೊಡಬೇಕು. ಕೊಟ್ಟರೇ ಕತ್ತಿ ಒರೆಗೆ ಹೋಗುವುದು. ಇದು ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ.

"ಶಾಂತಿ ಇದೆಯೇ?" ಎಂದರು ಪಾದ್ರಿ.

"ಶಾಂತಿ!" ಎಂದಿತು ಸಭೆ.

"ಶಾಂತಿ ಇದೆಯೇ?"

"ಶಾಂತಿ!"

"ಶಾಂತಿ ಇದೆಯೇ?"

"ಶಾಂತಿ!"

ಕತ್ತಿ ಒರೆಗೆ ಹೋಯಿತು. "ಕೂತ್ಕೊಳ್ಳಿ," ಎಂದರು ಪಾದ್ರಿ. ಗೈನರ್ ಕೂರಲಿಲ್ಲ. ಸಭೆಯ ತಲೆಗಳ ಮೇಲಿಂದ ಬಾಗಿಲ ಕಡೆ ನೋಡುತ್ತಾ ನಿಂತಳು. ಪಾದ್ರಿ ಇನ್ನೊಮ್ಮೆ ಹೇಳಿದರು. ಅವಳಿಗೆ ಕೇಳಿಸಲೇ ಇಲ್ಲ. ಜನ ಒಬ್ಬೊಬ್ಬರಾಗಿ ತಿರುಗಿ ನನ್ನನ್ನು ನೋಡತೊಡಗಿದರು. ಮೂರು ಸಲವೂ ನನ್ನ ಬಾಯಿ ಮುಚ್ಚಿಯೇ ಇತ್ತು ಎನ್ನುವುದು ನನಗೆ ಆಗ ಗೊತ್ತಾಯಿತು. ಅವಳು ವೇದಿಕೆಯಿಂದಲೇ ಅದನ್ನು ಕಂಡಿದ್ದಳು.

ಟೋಪಿ ನನ್ನ ಜೇಬಿನಲ್ಲಿತ್ತು. ಚಹಾಕೋಣೆಯ ಹಿಂಬಾಗಿಲಿಗೆ ಚಿಲಕ ಹಾಕಿರಲಿಲ್ಲ.

"ಶಾಂತಿ," ಎಂದೆ. ಅದು ವೇದಿಕೆಯವರೆಗೆ ಮುಟ್ಟಲಿಲ್ಲ. ಇನ್ನೊಮ್ಮೆ ಹೇಳಿದೆ, ಈ ಸಲ ಹಡಗಿನ ಮೇಲೆ ಕೂಗುವ ಹಾಗೆ. ಕೆಲವರು ನಕ್ಕರು. ಗುಟೊ ನಗಲಿಲ್ಲ.

ಗೈನರ್ ಎರಡೂ ಕೈ ಹಿಂದಕ್ಕೆ ಚಾಚಿ ಕುರ್ಚಿಯ ತೋಳು ಹುಡುಕಿದಳು, ಕೂತಳು.